ಲಾಭಕ್ಕೂ ಒಂದು ಹುಣಸೆಬೀಜ

ಹಲೋ, ಕೇಳಿಸ್ತಾ ಇದೆಯಾ? ಕೆಂಪು ದೀಪ ಉರೀತಿದೆ, ಅಂದ್ರೆ ಕೇಳಿಸ್ತಿದೆ ಅಂತ ಲೆಕ್ಕ. ಸತ್ಸಂಗದ ಗ್ರೂಪಿನವರೇ, ಮೊದಲು ಒಂದು ಮಾತು. ಹೋದ ವಾರ ನನ್ನ ಪ್ರವಚನ ಆದ ಮೇಲೆ ನಿಮ್ಮಲ್ಲೊಬ್ಬರು ಬರೆದಿದ್ರಿ, 'ಸ್ವಾಮಿಗಳಿಗೆ ವಯಸ್ಸಾಯ್ತು, ಕಥೆ ಮರೆತುಹೋಗ್ತಿದೆ' ಅಂತ. ಯಾರು ಬರೆದದ್ದು ಅಂತ ಹೇಳಲ್ಲ. ಆದರೆ ಅಳಿಸಿಬಿಟ್ರೆ ನನಗೆ ಕಾಣಲ್ಲ ಅಂದುಕೊಂಡ್ರಲ್ಲ, ಅದು ನಿಮ್ಮ ದಡ್ಡತನ. ನನಗೆ ಎಂಬತ್ತೊಂದು. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೀತೀನಿ, ಒಪ್ಪಿದೆ. ಕಥೆ ಮರೆಯಲ್ಲ. ನೀವು ನಿಮ್ಮ ಹೆಂಡತಿ ನಂಬರನ್ನಾದ್ರೂ ಫೋನ್ ನೋಡದೆ ಹೇಳಿ, ಆಮೇಲೆ ನನ್ನ ನೆನಪಿನ ಮಾತಾಡೋಣ.

ಸರಿ. ಇವತ್ತಿನ ವಿಷಯ, ಮಕ್ಕಳಿಗೆ ಲೆಕ್ಕ ಕಲಿಸೋದು. ಪ್ರವಚನದಲ್ಲಿ ಲೆಕ್ಕ ಯಾಕೆ ಅಂತೀರಾ? ಕೇಳಿ, ಗೊತ್ತಾಗುತ್ತೆ.

ಒಂದೂರಲ್ಲಿ ಒಬ್ಬ ಹಣವಂತ. ಯಾವ ಊರು ಅಂತ ಕೇಳಬೇಡಿ, ಆ ಊರಿನವರು ಈ ಗ್ರೂಪಿನಲ್ಲೇ ಇದ್ದಾರೆ. ಅವನಿಗೊಬ್ಬ ಮೊಮ್ಮಗ. ಏಳು ವರ್ಷ. ಆ ಮಗುವಿಗೆ ಮೂವತ್ತರವರೆಗೆ ಮಗ್ಗಿ ಬಾಯಿಪಾಠ. ಮನೆಗೆ ಯಾರೇ ಬರಲಿ, ಕಾಫಿಗೆ ಮುಂಚೆ ಮಗ್ಗಿ ಬರೋದು. 'ಹದಿನೇಳೊಂಬತ್ಲಿ?' ಅಂತ ಅಜ್ಜ ಕೇಳುವುದು, 'ನೂರೈವತ್ಮೂರು' ಅಂತ ಮಗು ಕಿರುಚುವುದು, ಬಂದವರು ಚಪ್ಪಾಳೆ ತಟ್ಟುವುದು. ಶಾಲೆಯಲ್ಲಿ ಬಹುಮಾನ ಕೊಟ್ಟಿದ್ದರು. ಅದು ದೇವರ ಫೋಟೊ ಪಕ್ಕದಲ್ಲೇ ಇತ್ತು. ದೇವರಿಗಿಂತ ಒಂದು ಅಂಗುಲ ಮೇಲೆ.

ಆದರೆ ನೋಡಿ, ಒಂದು ದಿನ ಅಮ್ಮ ಎರಡು ಕೊಡುಬಳೆ ಕೊಟ್ಟು, 'ತಂಗಿಗೂ ಸಮನಾಗಿ ಕೊಡೋ' ಅಂದಳು. ಮಗು ಎರಡನ್ನೂ ಹಿಡಿದುಕೊಂಡು ನಿಂತಿತು. 'ಅಮ್ಮಾ, ಸಮದ ಮಗ್ಗಿ ಇನ್ನೂ ಮಾಡಿಲ್ಲ ನಮಗೆ' ಅಂತು!

ಅದರ ತಪ್ಪಲ್ಲ. ಆ ಮನೆಯಲ್ಲಿ ಮಗುವಿನ ಕೈಗೆ ಏನೂ ಕೊಡುತ್ತಿರಲಿಲ್ಲ. ಊಟಕ್ಕೆ ತಟ್ಟೆ ಇಡೋಕೆ ಹೋದರೆ, 'ನೀನ್ಯಾಕೋ, ಹೋಗಿ ಮಗ್ಗಿ ಹೇಳು.' ಹೂ ಬಿಡಿಸೋಕೆ ಹೋದರೆ, 'ಮಗ್ಗಿ ಹೇಳು.' ಅಡುಗೆಮನೆ ಕಡೆ ತಲೆ ಹಾಕಿದರಂತೂ ಮುಗೀತು. ಲೆಕ್ಕ ಅನ್ನೋದು ಬಾಯಲ್ಲಿ ಹುಟ್ಟಿ ಬಾಯಲ್ಲೇ ಸಾಯಬೇಕು ಅಂತ ಆ ಹಣವಂತನ ಸಿದ್ಧಾಂತ.

ಆ ಅಡುಗೆಮನೆಯಲ್ಲಿ ಒಬ್ಬಳು ಹೆಂಗಸು. ಹದಿನಾಲ್ಕು ವರ್ಷದಿಂದ ಅಲ್ಲಿ ಅಡುಗೆ ಅವಳದೇ. ಓದು ಬರಹ ಇಲ್ಲ. ಮೂವತ್ತು ಜನಕ್ಕೆ ಹುಳಿ ಮಾಡಿದರೆ ಮೂವತ್ತೊಂದನೆಯವನಿಗೂ ಸಿಗುತ್ತಿತ್ತು, ಮೂವತ್ತೆರಡನೆಯವನಿಗೆ ಉಳಿಯುತ್ತಿರಲಿಲ್ಲ. ಅಷ್ಟು ಸರಿಯಾದ ಕೈ. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ.

ಒಂದು ಭಾನುವಾರ ಬೀಗರು ಊಟಕ್ಕೆ ಬಂದರು. ಮಗ್ಗಿ ಆಯ್ತು, ಚಪ್ಪಾಳೆ ಆಯ್ತು. ಬೀಗರಲ್ಲೊಬ್ಬರು ಸ್ವಲ್ಪ ನೇರ ಮಾತಿನವರು. 'ಬಾಯಲ್ಲಿ ಸರಿ ಬೀಗರೇ. ಏನಾದ್ರೂ ಅಳೆದು ಎಣಿಸೋಕೆ ಬರುತ್ತಾ?' ಅಂದರು.

ಹಣವಂತನಿಗೆ ಚುಚ್ಚಿತು. 'ಬರದೆ ಏನು! ನಿನ್ನೆ ಸಂಜೆ ನಾನೇ ಕೂತು ಇಪ್ಪತ್ತು ಸೇರು ಅಕ್ಕಿ ಅಳೆದು ಡಬ್ಬಕ್ಕೆ ತುಂಬಿಸಿದ್ದೀನಿ. ಮಗು ಅಳೆದು ಹೇಳ್ಲಿ' ಅಂತ ಡಬ್ಬ ತರಿಸಿ ಪಡಸಾಲೆಯಲ್ಲಿ ಬಟ್ಟೆ ಹಾಸಿಸಿದ. ಆಮೇಲೆ ಮೊಮ್ಮಗನ ಕಿವಿಯಲ್ಲಿ, 'ಪುಟ್ಟಾ, ಅಕ್ಕಿ ಅಳೆಯುವಾಗ ಮೊದಲನೇ ಸೇರಿಗೆ ಒಂದು ಅನ್ನಬಾರದು. ಲಾಭ ಅನ್ನಬೇಕು. ನಮ್ಮ ಮನೆತನದ ಪದ್ಧತಿ' ಅಂದ.

ಪದ್ಧತಿ ನಿಮಗೂ ಗೊತ್ತು. ಲಾಭ, ಎರಡು, ಮೂರು, ನಾಲ್ಕು. ಶುಭ ಆಗಲಿ ಅಂತ ಒಂದರ ಜಾಗದಲ್ಲಿ ಲಾಭ. ಆದರೆ ಅಜ್ಜ ಅರ್ಧ ಹೇಳಿ ಬೀಗರ ಕಡೆ ತಿರುಗಿಬಿಟ್ಟ. ಲಾಭ ಆದ ಮೇಲೆ ಏನು ಅನ್ನೋದನ್ನ ಹೇಳಲೇ ಇಲ್ಲ.

ಮಗು ಹಿಂದೆಂದೂ ಸೇರು ಮುಟ್ಟಿದ್ದಲ್ಲ. ಅಕ್ಕಿ ತುಂಬಿ ಎರಡೂ ಕೈಯಲ್ಲಿ ಎತ್ತಿ, ಸೇರಿನ ಬಾಯಿ ಸವರಿ, ಬಟ್ಟೆಗೆ ಸುರಿಯಿತು. 'ಲಾಭ.' ಮತ್ತೊಂದು ಸುರಿಯಿತು. 'ಒಂದು.' ಮತ್ತೊಂದು. 'ಎರಡು.'

ಆಯ್ತಲ್ಲ! ಅಜ್ಜನಿಗೆ ಕೇಳಿಸಿತೇ? ಎಲ್ಲಿ! ಅವನು ಬೀಗರಿಗೆ ಬಹುಮಾನದ ಕಥೆ ಹೇಳುತ್ತಿದ್ದ. ಡಬ್ಬ ಖಾಲಿಯಾದಾಗ ಮಗು ಕೂಗಿತು, 'ಹತ್ತೊಂಬತ್ತು!'

ಒಂದು ಸೇರು ಎಲ್ಲಿ ಹೋಯಿತು? ಹಣವಂತನ ಕಣ್ಣು ನೇರ ಎಲ್ಲಿಗೆ ಹೋಯಿತು ಹೇಳಿ? ಬೀಗದ ಕೈ ಇದ್ದ ಸೊಂಟಕ್ಕೆ.

'ಬಾರೇ ಇಲ್ಲಿ. ಹದಿನಾಲ್ಕು ವರ್ಷದಿಂದ ದಿನಕ್ಕೊಂದು ಸೇರಾ, ವಾರಕ್ಕೊಂದು ಸೇರಾ?'

'ನಾನು ಡಬ್ಬದ ಮುಚ್ಚಳಾನೇ ತೆಗೆದಿಲ್ಲ ಬುದ್ಧೀ. ಇವತ್ತಿನ ಅಡುಗೆ ಹಳೇ ಅಕ್ಕೀದು.'

'ಕಳ್ಳಿ! ಮೂವತ್ತರ ಮಗ್ಗಿ ಬರೋ ಮಗು ತಪ್ಪುತ್ತಾ? ಇಡು ಬೀಗದ ಕೈ. ಎಲೆ ಎತ್ತಿದ ಮೇಲೆ ಗಂಟು ಕಟ್ಟು.'

ಹೆಂಗಸು ಬೀಗದ ಕೈ ಹೊಸ್ತಿಲ ಮೇಲಿಟ್ಟಳು. 'ಇನ್ನೊಂದು ಸಲ ಅಳೀಲಿ, ನನಗೋಸ್ಕರ' ಅಂದಳು. ಮಗು ಮತ್ತೆ ಅಳೆಯಿತು. ಮತ್ತೆ ಹತ್ತೊಂಬತ್ತು. ತಪ್ಪನ್ನೂ ಎಷ್ಟು ನಿಯತ್ತಾಗಿ ಮಾಡುತ್ತೆ ನೋಡಿ ಮಗು! ಅಜ್ಜ ಈ ಸಲವೂ ಕೇಳಿಸಿಕೊಳ್ಳಲಿಲ್ಲ, ಅವನು ಬಯ್ಯುವುದರಲ್ಲಿದ್ದ. ಆದರೆ ಹೊಸ್ತಿಲ ಹತ್ತಿರ ನಿಂತಿದ್ದ ಅವಳಿಗೆ ಕೇಳಿಸಿತು. ಲಾಭ, ಒಂದು.

ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು? ಬಹುಮಾನದ ಮುಂದೆ ಒಲೆ ಊದುವವಳ ಮಾತು! ಅವಳು ಒಳಗೆ ಹೋಗಿ ಒಂದು ಹಿಡಿ ಹುಣಸೆಬೀಜ ತಂದು ಮಗುವಿನ ಪಕ್ಕ ಸುರಿದಳು.

'ಕಂದಾ, ಬಾಯಿ ಏನಾದ್ರೂ ಹೇಳ್ಕೊಳ್ಳಲಿ. ಒಂದು ಸೇರು ಸುರಿದಾಗ ಒಂದು ಬೀಜ ಇಡು. ಅಷ್ಟೇ.'

ಮಗು ಸುರಿಯಿತು, ಇಟ್ಟಿತು. ಸುರಿಯಿತು, ಇಟ್ಟಿತು. ಬಾಯಿ ಹತ್ತೊಂಬತ್ತಕ್ಕೆ ನಿಂತಿತು. ಬೀಜ ಎಣಿಸಿದರೆ ಇಪ್ಪತ್ತು. ಇನ್ನೊಂದು ಸಲ ಎಣಿಸಿತು. ಇಪ್ಪತ್ತೇ. ಹುಬ್ಬು ಗಂಟಿಕ್ಕಿಕೊಂಡು ಬೀಜಗಳನ್ನು ಸಾಲಾಗಿ ಜೋಡಿಸಿ, ಒಂದೊಂದನ್ನೇ ಮುಟ್ಟುತ್ತಾ ಶುರು ಮಾಡಿತು, 'ಲಾಭ, ಒಂದು, ಎರಡು...' ಥಟ್ಟನೆ ನಿಂತಿತು. ಮೊದಲನೇ ಬೀಜ ಎತ್ತಿ ಹಿಡಿದು ಕೂಗಿತು, 'ಅಜ್ಜಾ! ಈ ಬೀಜಕ್ಕೆ ನಂಬರೇ ಇಲ್ಲ!'

ಬೀಗರು ಬಿದ್ದು ಬಿದ್ದು ನಕ್ಕರು. ಹಣವಂತ ತಾನೂ ನಕ್ಕ, ಒಣನಗು. ಬೀಗದ ಕೈ ಕಾಲಲ್ಲಿ ಅವಳ ಕಡೆ ತಳ್ಳಿ, 'ಹೋಗ್ಲಿ ಬಿಡು, ಮಗು ತಪ್ಪು ಮಾಡ್ತು. ಎಲೆ ಹಾಕು' ಅಂದ.

ಅವಳು ಬಗ್ಗಲಿಲ್ಲ. 'ಮಗು ತಪ್ಪು ಮಾಡ್ಲಿಲ್ಲ ಬುದ್ಧೀ. ನೀವು ಹೇಳಿಕೊಟ್ಟಷ್ಟನ್ನ ಮಾಡ್ತು. ಕಳ್ಳಿ ಅಂದಿದ್ದು ಮಗುವಲ್ಲ. ಈಗ ನೀವು ಅಳೀರಿ, ಇವರೆಲ್ಲರ ಮುಂದೆ. ಇಪ್ಪತ್ತು ಅಂತ ನಿಮ್ಮ ಬಾಯಲ್ಲೇ ಬರ್ಲಿ. ಆಮೇಲೆ ಎಲೆ.'

ಒಳಗೆ ಅನ್ನ ಆರುತ್ತಿದೆ. ಬೀಗರಿಗೆ ಹಸಿವು. ಏನು ಮಾಡುತ್ತಾನೆ? ಮಂಡಿ ಲಟಲಟ ಅನ್ನಿಸಿಕೊಂಡು ಕೂತ. ಸೇರು ತುಂಬಿ ಸುರಿದ. 'ಲಾಭ' ಅಂದ. ಎರಡನೇ ಸೇರಿಗೆ ಕೈ ಹಾಕಿದ.

'ಅಜ್ಜಾ, ಬೀಜ!' ಅಂತು ಮಗು. 'ಲಾಭಕ್ಕೆ ಬೀಜ ಇಡಲ್ವಾ ನೀನು?'

ಜೀವಮಾನವಿಡೀ ಲಾಭ ಎಣಿಸಿದ ಮನುಷ್ಯ, ನೋಡಿ, ಲಾಭಕ್ಕೆ ಬೀಜ ಇಡೋದು ಮರೆತ! ಇಟ್ಟ. ಇಪ್ಪತ್ತೂ ಇಟ್ಟ. ಬೆವರು ಒರೆಸಿಕೊಂಡು, 'ಇಪ್ಪತ್ತು. ನಂದು ತಪ್ಪಾಯ್ತು' ಅಂತ ಗೊಣಗಿದ.

'ಬೀಗರಿಗೆ ಕೇಳಿಸ್ಲಿಲ್ಲ' ಅಂದಳು ಅವಳು.

ಗಟ್ಟಿಯಾಗಿ ಹೇಳಿದ. ಬೀಗದ ಕೈ ಅವನೇ ಎತ್ತಿ ಕೊಟ್ಟ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು, 'ಬಾ ಕಂದಾ, ಎಲೆ ಹಾಕೋಣ. ಎಷ್ಟು ಜನ ಇದ್ದಾರೆ ಎಣಿಸು, ನಿನ್ನನ್ನ ಬಿಡಬೇಡ' ಅಂದಳು.

ಕಥೆ ಮುಗೀತು. ಈಗ ನಿಮ್ಮ ಕಡೆ ಬರ್ತೀನಿ, ಫೋನ್ ಕೆಳಗಿಡಬೇಡಿ.

ಹಣವಂತನನ್ನ ನೋಡಿ ನಕ್ಕಿರಲ್ಲ, ನಿಮ್ಮ ಮನೆಯಲ್ಲಿ ಏನು ನಡೀತಿದೆ? ಮಗುವನ್ನ ಸಾವಿರಾರು ರೂಪಾಯಿ ಕ್ಲಾಸಿಗೆ ಕಳಿಸ್ತೀರಿ. ಅದೇ ಮಗು ದೋಸೆ ಹಿಟ್ಟಿಗೆ ಅಕ್ಕಿ ಹಾಕ್ತೀನಿ ಅಂದ್ರೆ 'ಚೆಲ್ತೀಯ, ಹೋಗು' ಅಂತೀರಿ. ಚೆಲ್ಲಲಿ ಕಣ್ರೀ! ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಅಂತ ಹೇಳಿ, ಆರು ಲೋಟ ಅಕ್ಕಿ ಹಾಕಿದ್ರೆ ಉದ್ದು ಎಷ್ಟು ಅಂತ ಅದನ್ನೇ ಕೇಳಿ. ನಾಳೆ ಬೆಳಿಗ್ಗೆ ತಟ್ಟೆ ಮಗು ಇಡಲಿ. ನಾಲ್ಕು ಜನಕ್ಕೆ ಮೂರು ಇಟ್ರೆ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ, ಒಬ್ಬರಿಗೆ ತಟ್ಟೆ ಇಲ್ಲದಾಗ ಅದಕ್ಕೇ ಗೊತ್ತಾಗುತ್ತೆ. ಶಾಲೆ ವ್ಯಾನು ಎಂಟೂವರೆಗೆ ಬರುತ್ತೆ, ಈಗ ಎಂಟೂ ಹತ್ತು, ಎಷ್ಟು ಹೊತ್ತಿದೆ ಅಂತ ಕೇಳಿ, ಬರೀ 'ಬೇಗ ಬೇಗ' ಅಂತ ಕೂಗಬೇಡಿ. ತಪ್ಪು ಹೇಳಿದ್ರೆ ತಲೆಗೆ ಮೊಟಕಬೇಡಿ. ಹುಣಸೆಬೀಜ ಕೊಡಿ.

ಇನ್ನೊಂದು ಮಾತು. ಲೆಕ್ಕ ಬರೋದು ಅಂದ್ರೆ ಉತ್ತರ ಬೇಗ ಹೇಳೋದಲ್ಲ. ಲೆಕ್ಕ ತಪ್ಪಿದಾಗ ಮೊದಲು ಇನ್ನೊಬ್ಬರ ಸೊಂಟ ನೋಡದೆ ತನ್ನ ಎಣಿಕೆ ನೋಡಿಕೊಳ್ಳೋದು. ಅದನ್ನ ಮಗು ಎಲ್ಲಿಂದ ಕಲಿಯುತ್ತೆ? ಅಜ್ಜನಿಂದ, ಅಪ್ಪನಿಂದ, ನಿಮ್ಮಿಂದ. ಎದೆ ಮುಟ್ಟಿಕೊಂಡು ಹೇಳಿ, ನೀವು ಮಗುವಿನ ಮುಂದೆ 'ನಂದು ತಪ್ಪು' ಅಂತ ಕೊನೇ ಸಲ ಹೇಳಿದ್ದು ಯಾವಾಗ?

ಆಯ್ತು, ಗಂಟಲು ಒಣಗಿತು. ಈ ಕಥೆಯನ್ನ ಇಲ್ಲಿಗೇ ಬಿಡಬೇಡಿ. ಸುಮ್ಮನೆ ಬೆರಳು ಒತ್ತಿ ದಾಟಿಸೋದಲ್ಲ, ಬಾಯಾರೆ ನಾಲ್ಕು ಜನಕ್ಕೆ ಹೇಳಿ. ಒಬ್ಬರಿಗೆ ಹೇಳಿದಾಗೊಂದು ಹುಣಸೆಬೀಜ ಡಬ್ಬಿಗೆ ಹಾಕಿ, ಮುಂದಿನ ಸಲ ಸಿಕ್ಕಾಗ ನಾನು ಎಣಿಸ್ತೀನಿ. ಮೊದಲು ನಿಮ್ಮ ಮನೆ ಮಗುವಿಗೆ ಹೇಳಿ. ಆ ಮೊದಲನೇದಕ್ಕೂ ಬೀಜ ಹಾಕೋದು ಮಾತ್ರ ಮರೀಬೇಡಿ.