ಬರ್ಲಿ ಎಂಬ ಮಾತಿನ ಬಗ್ಗೆ ಧೂಳಮ್ಮಳ ಹೇಳಿಕೆ

ಹೆಸರು: ಧೂಳಮ್ಮ. ಗಂಡನ ಹೆಸರು: ಮಡೆಪ್ಪ (ಸದರಿಯವರು ಗಂಡನ ಹೆಸರನ್ನು ಬಾಯಿಂದ ಹೇಳದ ಕಾರಣ ಆಸ್ಪತ್ರೆಯ ಚೀಟಿ ನೋಡಿ ಬರೆದುಕೊಂಡಿರುತ್ತದೆ). ವಯಸ್ಸು: ಅಂದಾಜು 50 ವರ್ಷ. ಉದ್ಯೋಗ: ಕುರಿ ಸಾಕಣೆ ಮತ್ತು ಒಕ್ಕಲುತನ. ಸಾ: ಘಾಟಬೋರಾಳ, ತಾ: ಹುಮನಾಬಾದ್, ಜಿ: ಬೀದರ.

ಯಾರ ಕರೆಯೂ ಇಲ್ಲದೆ ನಾನೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ,

ನಾನು ಮೇಲಿನ ಊರಿನಲ್ಲಿ ವಾಸವಾಗಿದ್ದು, ಮನೆಯಲ್ಲಿ ನಾನು, ನಮ್ಮ ಮನೆಯವರು, ಮಗ ಕಲ್ಲಿನಾಥ ವಯಸ್ಸು 24, ಸೊಸೆ ಪೂನಂ ವಯಸ್ಸು 19, ಹೀಗೆ ನಾಲ್ಕು ಜನ ಇದ್ದೆವು. ಈಗ ಮೂರು ಜನ ಇರುತ್ತೇವೆ. ಸೊಸೆಯನ್ನು ಹಿಡಿದೇ ಮೂರು ಎಂದು ಹೇಳುತ್ತಿದ್ದೇನೆ, ಹಾಗೆಯೇ ಬರೆದುಕೊಳ್ಳಬೇಕು.

ಮಗನ ಮದುವೆ ಇದೇ ವರ್ಷ ಬೇಸಿಗೆಯಲ್ಲಿ ಆಗಿರುತ್ತದೆ. ಸೊಸೆಯ ತವರು ಬಸವಕಲ್ಯಾಣದ ಆಚೆ, ಗಡಿ ದಾಟಿದ ಮೇಲೆ ಬರುವ ಮರಾಠಿ ಊರು. ಬಂದಾಗ ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಹೂಂ ಎನ್ನಲೂ ನನ್ನ ಮುಖ ನೋಡುತ್ತಿದ್ದಳು. ಹಿಂಡು ಮೇಯಲು ಹೊರಟಾಗ ನಾವು ಕುರಿಗಳನ್ನು ಹೆದ್ದಾರಿ ದಾಟಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಒಬ್ಬರು ಹಿಂಡಿನ ಮುಂದೆ ಎರಡೂ ಕೈ ಚಾಚಿ ನಿಂತು, ಲಾರಿಯೋ ಬಸ್ಸೋ ಕಂಡರೆ, ಬರ್ಲಿ, ಬರ್ಲಿ ಎಂದು ಹೇಳುತ್ತಾರೆ. ಗಾಡಿ ಬಂದು ಹೋಗಲಿ, ಅಲ್ಲಿಯ ತನಕ ಯಾರೂ ಅಲುಗಬೇಡಿ ಎಂದು ಅದರ ಅರ್ಥ. ಮುಂದಿನ ಟಗರು ಆ ಮಾತು ಕೇಳಿದರೆ ಕಾಲೆತ್ತುವುದಿಲ್ಲ. ಸೊಸೆಗೆ ಈ ಮಾತನ್ನು ನಾನೇ ರಸ್ತೆಯ ದಂಡೆಯಲ್ಲಿ ನಿಲ್ಲಿಸಿ ಕಲಿಸಿದ್ದು. ಅನ್ನ, ನೀರು, ಉಪ್ಪು ಎನ್ನುವುದಕ್ಕಿಂತ ಮೊದಲು ಅವಳಿಗೆ ಬಂದ ಕನ್ನಡ ಇದೇ. ಮಗ ಅವಳನ್ನು ಕಾಡಿಸಲು, ಉಣ್ಣಾಕ ನೀಡು ಎಂದರೂ ಬರ್ಲಿ ಅಂತಾಳ ನೋಡವ್ವ ಎಂದು ನಗುತ್ತಿದ್ದನು.

ಮದುವೆಯ ಮೊದಲ ದೀಪಾವಳಿ ಎಂದು ಬೀಗರು ಕರೆದಿದ್ದರಿಂದ ನಾವು ನಾಲ್ಕೂ ಜನ ಅವರ ಊರಿಗೆ ಹೋಗಿದ್ದೆವು. ಕುರಿಗಳನ್ನು ನಮ್ಮ ಬದಿಯ ಮನೆಯವರಿಗೆ ಒಪ್ಪಿಸಿದ್ದೆವು. ಬೀಗರು ಮಗನಿಗೆ ಕಡು ನೀಲಿ ಬಣ್ಣದ ಅಂಗಿ ಹೊಲಿಸಿಕೊಟ್ಟರು. ಹಬ್ಬ ಮುಗಿಸಿ ದಿನಾಂಕ 7-11-2002ರಂದು ಮಧ್ಯಾಹ್ನ ಬಸವಕಲ್ಯಾಣ ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿ ಹಬ್ಬ ತೀರಿಸಿಕೊಂಡು ದುಡಿಯುವ ಊರಿಗೆ ಮರಳುವ ಮಂದಿ ಗಂಟು, ಮಕ್ಕಳು, ಹಬ್ಬದ ಫರಾಳದ ತಿಂಡಿ ಡಬ್ಬಿ ಇಟ್ಟುಕೊಂಡು ಮುಂಜಾನೆಯಿಂದ ಕುಳಿತಿದ್ದರು. ಬಸ್ಸುಗಳು ಬಂದವು, ಒಂದು ಕಾಲು ಇಡಲೂ ಜಾಗ ಇರಲಿಲ್ಲ.

ಮಗ ಕಲ್ಲಿನಾಥನು, ಇನ್ನೊಂದು ಬಸ್ ಬರ್ಲಿ, ಏನ್ ಅವಸರ ಐತಿ ಎಂದನು. ನಮ್ಮ ಮನೆಯವರು ಕೇಳಲಿಲ್ಲ. ಹೊತ್ತು ಮುಳುಗೂದ್ರಾಗ ಕುರಿ ಹಟ್ಟಿಗಿ ಬರಬೇಕು, ಮಂದಿ ಕೈಯಾಗ ಎಷ್ಟ ದಿವಸ ಬಿಡತಿ ಎಂದು ಮಗನಿಗೆ ಜೋರು ಮಾಡಿ, ಹುಮನಾಬಾದ್ ಹುಮನಾಬಾದ್ ಎಂದು ಕೂಗುತ್ತಿದ್ದ ಜೀಪಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತರು. ಅವರು ಕುಳಿತ ಮೇಲೆ ನಾವು ಹತ್ತದೆ ಏನು ಮಾಡುವುದು.

ಜೀಪಿನ ಚಾಲಕನ ಹೆಸರು ಉತ್ತಮ ಎಂದು ಆಮೇಲೆ ತಿಳಿಯಿತು. ಹತ್ತು ಜನ ಕೂಡುವ ಜೀಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ನಾವು ಕುರಿ ಕಾಯುವವರು, ಕುರಿಗಳನ್ನೂ ಟೆಂಪೋದಲ್ಲಿ ಹಾಗೆ ತುಂಬುವುದಿಲ್ಲ, ಉಸಿರು ಕಟ್ಟುತ್ತದೆ ಎಂದು ಭಯಪಡುತ್ತೇವೆ. ಚಾಲಕನ ಬಲಗಡೆಗೂ ಒಬ್ಬ ಗಂಡಸು ಅರ್ಧ ಮೈ ಹೊರಗೆ ಹಾಕಿ ಕುಳಿತಿದ್ದರಿಂದ ಅಲ್ಲಿದ್ದ ಕನ್ನಡಿ ಮುಚ್ಚಿತ್ತು. ಹಿಂದೆ ನಿಂತು ಬಡಿದು ಹೇಳುವ ಕ್ಲೀನರನನ್ನು ಚಾಲಕ ನಿಲ್ದಾಣದಲ್ಲೇ ಇಳಿಸಿ, ಆ ಜಾಗದಲ್ಲಿ ಪ್ಯಾಸೆಂಜರನನ್ನು ನಿಲ್ಲಿಸಿದನು. ಹಾಗೆ ನಿಂತವನು ನನ್ನ ಮಗ. ಒಳಗೆ ಅವನಿಗೆ ಸಿಕ್ಕಿದ್ದ ಜಾಗವನ್ನು ನನಗೆ ಬಿಟ್ಟುಕೊಟ್ಟು, ಹಿಂದಿನ ಪಾವಟಿಗೆಯ ಮೇಲೆ ಕಾಲಿಟ್ಟು, ಮೇಲಿನ ಸಲಾಕೆ ಹಿಡಿದು, ನಮ್ಮ ಕಡೆ ಮುಖ ಮಾಡಿ ನಿಂತನು. ಸೊಸೆ ಬೆಂಚಿನ ಕೊನೆಯಲ್ಲಿ ಅವನ ಹತ್ತಿರ ಕುಳಿತಳು. ನಾನು ಅವಳ ಎದುರಿಗೆ ಇದ್ದೆ.

ಹೆದ್ದಾರಿಗೆ ಬಂದ ಮೇಲೆ ಗಾಡಿಗಳ ಸಾಲು ಬಿಡುತ್ತಿರಲಿಲ್ಲ. ಪುಣೆ ಕಡೆಯವು, ಹೈದರಾಬಾದ್ ಕಡೆಯವು, ಎಲ್ಲರಿಗೂ ಮನೆಗೆ ಹೋಗುವ ಅವಸರ. ರಾಜೇಶ್ವರ ದಾಟಿ ಅಂದಾಜು 2 ಕಿ.ಮೀ. ಹೋದ ಮೇಲೆ, ಮಧ್ಯಾಹ್ನ ಸುಮಾರು 3-30 ಗಂಟೆಗೆ, ಒಂದು ತಿರುವು ಮುಗಿದಲ್ಲಿ ಬೇವಿನ ಗಿಡದ ಕೆಳಗೆ ನಾಲ್ಕೈದು ಜನ ನಿಂತು ಕೈ ಮಾಡಿದರು. ಜೀಪು ಅವರನ್ನು ದಾಟಿ ಸುಮಾರು 100 ಅಡಿ ಮುಂದೆ ಹೋಗಿ ಡಾಂಬರಿನ ಮೇಲೆಯೇ ನಿಂತಿತು. ಅವರಿಗೆ ಕಾಲಿದ್ದವು, ನಡೆದು ಬರುತ್ತಿದ್ದರು. ಆದರೆ ಚಾಲಕನು, ಹಿಂದಿನ ಜೀಪಿನಾಂವ ಎತ್ತಾಕೊಂಡ ಹೋಗ್ತಾನ ಎಂದು ಹೇಳಿ, ಗಾಡಿಯನ್ನು ಹಿಂದಕ್ಕೆ ಹಾಕಲು ಗೇರು ಬದಲಿಸಿ, ಹಿಂದ ನೋಡ್ರಿ, ಬರ್ಲೇನು ಎಂದು ಕೂಗಿ ಕೇಳಿದನು.

ಅದೇ ಹೊತ್ತಿಗೆ ತಿರುವಿನಿಂದ ಒಂದು ಲಾರಿ ಬಂದಿತು. ನಾನು ಕಣ್ಣಾರೆ ಕಂಡೆ. ಮಗನ ಬೆನ್ನು ಆ ಕಡೆಗಿತ್ತು. ಸೊಸೆ ಎರಡೂ ಕೈ ಚಾಚಿ, ಬರ್ಲಿ, ಬರ್ಲಿ ಎಂದಳು. ಹಾಗೆ ಎಂದದ್ದು ನಿಜ, ನಾನು ಅಲ್ಲಗಳೆಯುವುದಿಲ್ಲ.

ನನಗೆ ಅರ್ಥವಾಯಿತು. ಲಾರಿ ದಾಟಿ ಹೋಗುವ ತನಕ ನಿಲ್ಲಬೇಕು ಎಂದು ಕಾಲು ಮಡಚಿಕೊಂಡೆ. ಮಗನಿಗೂ ಅರ್ಥವಾಯಿತು. ಅವನು ಲಾರಿಗೆ ದಾರಿಯಾಗಲಿ ಎಂದು ಜೀಪಿಗೆ ಮೈ ಒತ್ತಿ ನಿಂತುಕೊಂಡನು. ಅವನ ಮುಖ ಸೊಸೆಯ ಮುಖಕ್ಕೆ ತಾಗುವಷ್ಟು ಹತ್ತಿರ ಬಂದಿತ್ತು. ಆಗ ಜೀಪು ಭರ್ರನೆ ಹಿಂದಕ್ಕೆ ಹೋಯಿತು.

ಲಾರಿಯವನು ಬ್ರೇಕ್ ಹಾಕಿದ ಸಪ್ಪಳ ಕೇಳಿದೆ. ನಂತರ ನಾನು ರಸ್ತೆಯ ಬದಿಗೆ ಜೋಳದ ಹೊಲದಲ್ಲಿ ಬಿದ್ದಿದ್ದೆ. ಮಗ ಜೀಪಿಗೂ ಲಾರಿಗೂ ನಡುವೆ ಇದ್ದನು. ಸೊಸೆಯ ಚಾಚಿದ ಎರಡೂ ಕೈ ಮುರಿದಿದ್ದವು. ಆ ಕೈಗಳಿಂದಲೇ ಅವನ ಅಂಗಿ ಹಿಡಿಯಲು ನೋಡುತ್ತಿದ್ದಳು. ಮಂದಿ ಸೇರಿ ಮಗನನ್ನು ತೆಗೆದಾಗ ಜೀವ ಇರಲಿಲ್ಲ. ಪಂಚನಾಮೆಯಲ್ಲಿ ರಕ್ತಸಿಕ್ತ ಅಂಗಿ ಒಂದು ಎಂದು ಬರೆದಿರುವುದಾಗಿ ಕೇಳಿದೆ. ಅದು ಕಡು ನೀಲಿ ಬಣ್ಣದ ದೀಪಾವಳಿ ಅಂಗಿ, ಅದನ್ನೂ ಸೇರಿಸಿ ಬರೆಯಬೇಕು.

ನಮ್ಮ ಮನೆಯವರಿಗೆ ಹಣೆಗೆ ಮಾತ್ರ ಗಾಯವಾಗಿರುತ್ತದೆ. ಹುಮನಾಬಾದ್ ಸರ್ಕಾರಿ ಆಸ್ಪತ್ರೆಯಲ್ಲಿ ಚಾಲಕ ಉತ್ತಮನು ಎಲ್ಲರ ಮುಂದೆ, ಹಿಂದ ಕುಂತ ಹೆಣ್ಮಗಳು ಬರ್ಲಿ ಅಂದ್ಳು, ಅದಕ್ಕ ಗಾಡಿ ಹಿಂದ ತಂದೆ, ನಂದೇನ್ ತಪ್ಪದ ಎಂದನು. ನಮ್ಮ ಮನೆಯವರು ಹೌದು, ನಾನೂ ಕೇಳೀನಿ ಎಂದರು. ಇಕಿ ಬಾಯಿಂದನ ನನ್ನ ಮಗ ಹ್ವಾದ, ಮಣ್ಣು ಮಾಡಿದ ಮ್ಯಾಲ ಇಕಿಗಿ ತವರಿಗಿ ಅಟ್ಟತೀನಿ ಎಂದೂ ಹೇಳಿದರು. ಸೊಸೆ ಅಳುತ್ತಿದ್ದಳು. ಎರಡೂ ಕೈಗೆ ಪ್ಲಾಸ್ಟರ್ ಹಾಕಿದ್ದರಿಂದ ಕಣ್ಣೀರು ಒರೆಸಿಕೊಳ್ಳಲೂ ಆಗಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ನಿನ್ನೆ ಮಣ್ಣು ಮುಗಿಯಿತು. ರಾತ್ರಿಯಿಡೀ ನಮ್ಮ ಮನೆಯವರು ಅದೇ ಮಾತು ಹೇಳಿದರು. ಅವರ ಹೊಟ್ಟೆ ಎಷ್ಟು ಉರಿಯುತ್ತಿದೆ ಎಂದು ನನಗೆ ಗೊತ್ತು, ನಾನೂ ಹೆತ್ತವಳು. ಮುಂಜಾನೆ ಬೀಗರಿಗೆ ಫೋನ್ ಮಾಡಿಸಿ, ಸೊಸೆಯನ್ನು ಆಸ್ಪತ್ರೆಯಿಂದ ನೇರ ಕರೆದುಕೊಂಡು ಹೋಗಲು ಹೇಳಿದರು. ಆ ಮಾತು ಮುಗಿಯುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಇಲ್ಲಿಗೆ ಬಂದಿರುತ್ತೇನೆ.

ಜೀಪಿನವರ ಬಾಯಲ್ಲಿ ಬರ್ಲಿ ಎಂದರೆ ಗಾಡಿ ಹಿಂದೆ ತಾ ಎಂದಂತೆ. ಇದು ನನಗೆ ಈಗ ತಿಳಿದಿದೆ. ಕುರಿಯ ಹಿಂದೆ ಬೆಳೆದ ಮನೆಯಲ್ಲಿ ಬರ್ಲಿ ಎಂದರೆ ನಿಲ್ಲು. ಸೊಸೆಗೆ ಗೊತ್ತಿದ್ದದ್ದು ನಮ್ಮ ಮನೆಯ ಬರ್ಲಿ ಒಂದೇ. ಚಾಲಕನಿಗೆ ಅದು ತಿಳಿಯುವುದಿಲ್ಲ, ಒಪ್ಪುತ್ತೇನೆ. ಆದರೆ ಹಿಂದೆ ಏನೂ ಕಾಣದ ಗಾಡಿಯನ್ನು ಹಬ್ಬದ ಮಂದಿ ತುಂಬಿಕೊಂಡು ಹೆದ್ದಾರಿಯ ಮೇಲೆ ಹಿಂದಕ್ಕೆ ತಂದವನು ಅವನು. ಕ್ಲೀನರನನ್ನು ಇಳಿಸಿದವನೂ ಅವನು. ಒಂದು ಹುಡುಗಿಯ ಒಂದು ಮಾತಿನ ಮೇಲೆ ಇಪ್ಪತ್ತು ಜನರ ಜೀವ ಇಟ್ಟು ಗಾಡಿ ಬಿಟ್ಟವನ ಮೇಲೆ ಕಾನೂನು ಪ್ರಕಾರ ಕ್ರಮವಾಗಬೇಕು.

ಇನ್ನೊಂದು ಮಾತು. ಮುಂದಿನ ಸೀಟಿನಲ್ಲಿ ಕುಳಿತು ಅದೇ ಬರ್ಲಿ ಕೇಳಿದವರು ಮೂವತ್ತು ವರ್ಷದಿಂದ ರಸ್ತೆಯ ಮೇಲೆ ಕೈ ಚಾಚಿ ದಿನವೂ ಅದನ್ನೇ ಕೂಗುತ್ತಾ ಬಂದವರು. ಟಗರಿಗೆ ತಿಳಿಯುವ ಮಾತು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದ ಮೇಲೂ ಚಾಲಕನ ಕೈ ಹಿಡಿಯಲಿಲ್ಲ. ಅದನ್ನು ಹೇಳಿಕೊಳ್ಳಲಾರದೆ ಸೊಸೆಯ ಮೇಲೆ ಹಾಕುತ್ತಿದ್ದಾರೆ. ಪೂನಂ ನನ್ನ ಮನೆಯಲ್ಲೇ ಇರುತ್ತಾಳೆ, ಬೀಗರಿಗೂ ಹಾಗೆಯೇ ಹೇಳಿ ಕಳಿಸಿರುತ್ತೇನೆ.

ಬರೆದುಕೊಂಡವರು ಮೊದಲಿನಿಂದ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ. ಮೇಲೆ ಗಂಡನ ಹೆಸರನ್ನು ಚೀಟಿ ನೋಡಿ ಬರೆದಿರುವುದಾಗಿ ಓದಿದರು. ಅದನ್ನು ಹೊಡೆದು ಹಾಕಬೇಕು. ಕೋರ್ಟಿನಲ್ಲಿ ಕೇಳಿದರೂ ನನ್ನ ಬಾಯಿಂದಲೇ ಹೇಳುತ್ತೇನೆ. ನನ್ನ ಗಂಡನ ಹೆಸರು ಮಡೆಪ್ಪ. ಮಡೆಪ್ಪ ಹೇಳಿದ್ದು ಸರಿಯಲ್ಲ.

ಸ್ಥಳ: ಹುಮನಾಬಾದ್
ದಿನಾಂಕ: 9-11-2002

ಧೂಳಮ್ಮ ಗಂಡ ಮಡೆಪ್ಪ ಇವರ ಎಡಗೈ ಹೆಬ್ಬೆಟ್ಟಿನ ಗುರುತು