ಮೋರಿಗೆ ಅಡ್ಡ ಹಾಕಿದ ಲೈಟ್ ಕಂಬ

ನಿಂತಿರೋ ಕಂಬ ಅಲ್ಲ ಕಣೇ ಪುಟ್ಟಿ, ನಾನು ಹೇಳ್ತಿರೋದು ಮಲಗಿರೋ ಕಂಬದ ವಿಷ್ಯ. ಎರಡು ಸಿಮೆಂಟ್ ಕಂಬ. ನಮ್ಮ ಬೀದಿಗೆ ಲೈಟ್ ಹಾಕ್ತೀವಿ ಅಂತ ತಂದು ಮೋರಿ ಪಕ್ಕ ಮಲಗಿಸಿ ಹೋದ ಕರೆಂಟ್ ಆಫೀಸಿನೋರು ವರ್ಷ ಆದ್ರೂ ಪತ್ತೆ ಇಲ್ಲ. ಮೋರಿ ಅಂದ್ರೆ ಸಣ್ಣ ಚರಂಡಿ ಅನ್ಕೋಬೇಡ, ಕೆರೆಗೆ ಹೋಗೋ ದೊಡ್ಡ ಕಾಲುವೆ ಅದು. ಹಿಂದ್ಗಡೆ ಫ್ಲಾಟುಗಳು ಎದ್ಮೇಲೆ ಅವ್ರ ಬಚ್ಚಲ ನೀರೆಲ್ಲ ಅದ್ರಲ್ಲೇ. ದಾಟೋಕೆ ಮೇಲೊಂದು ಕಲ್ಲು ಚಪ್ಪಡಿ ಇತ್ತು. ಆ ಸಲ ಯುಗಾದಿ ಆಗಿ, ಅಲ್ಲ ಅಲ್ಲ, ದೀಪಾವಳಿ ಆಗಿ ವಾರಕ್ಕೆ, ಯಾವನೋ ಜಲ್ಲಿ ಲಾರಿ ಹತ್ತಿಸ್ದ ನೋಡು, ಚಪ್ಪಡಿ ಮುರಿದು ಒಳಕ್ಕೆ ಬಿತ್ತು. ಲಾರಿ ಎಂಗೋ ದಾಟ್ಕೊಂಡು ಹೋಯ್ತು, ನಾವು ಈ ಕಡೆ ಉಳ್ಕೊಂಡ್ವಿ.

ನನ್ನ ಪರಿಸ್ಥಿತಿ ಕೇಳು. ನಿಮ್ಮ ತಾತ ಕಾಲು ಮುರ್ಕೊಂಡು ಮೂರು ತಿಂಗಳಿಂದ ಮಂಚದ ಮೇಲೆ. ನಲವತ್ತು ದಾಟಿದ್ಮೇಲೆ ಮೊದಲ ಸಲ ಕೆಲಸಕ್ಕೆ ಅಂತ ಹೊರಗೆ ಹೋದೋಳು ನಾನು, ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗಾರ್ಮೆಂಟ್ಸಿಗೆ. ಶರ್ಟಿನ ಕಾಲರಲ್ಲಿ ನೇತಾಡೋ ದಾರ ಕತ್ತರಿಸೋದು, ಅಷ್ಟೇ ಕೆಲಸ. ಒಂಬತ್ತಕ್ಕೆ ಗೇಟು ಹಾಕ್ಬಿಡೋರು. ಚಪ್ಪಡಿ ಬಿದ್ಮೇಲೆ ಕೆರೆ ಸುತ್ಕೊಂಡು ಹೋಗ್ಬೇಕು, ಎರಡು ಸಲ ಲೇಟಾಯ್ತು. ಸೂಪರ್‌ವೈಸರ್ ಹೇಳ್ಬಿಟ್ಟ, ಇನ್ನೊಂದ್ಸಲ ಲೇಟಾದ್ರೆ ಬರ್ಲೇಬೇಡ ಅಂತ. ನಾನು ಬೀದೀಲಿ ಕೂತ್ಕೊಂಡು ಅತ್ತೆ. ಹ್ಞೂ, ಅತ್ತೆ, ನಗಬೇಡ. ಆಗ ಬೀದಿಯೋರೆಲ್ಲ ಸೇರಿ ಆ ಎರಡೂ ಕಂಬ ಉರುಳಿಸಿ ಮೋರಿಗೆ ಅಡ್ಡ ಹಾಕಿದ್ರು. ಮೊದಮೊದಲು ಕೂತ್ಕೊಂಡೇ ತೆವಳ್ಕೊಂಡು ದಾಟೋರು, ಆಮೇಲೆ ನೋಡು, ತಲೆ ಮೇಲೆ ರಾಗಿ ಹಿಟ್ಟಿನ ಡಬ್ಬ ಇಟ್ಕೊಂಡು ಸೊಸೇರನ್ನ ಬೈಕೊಂಡು ದಾಟೋರು ನಮ್ಮ ಹೆಂಗಸ್ರು.

ಇಂಗೆ ಎರಡು ತಿಂಗಳು ಕಳೀತು. ಒಂದಿನ ಬೆಳಿಗ್ಗೆ ಊಟದ ಡಬ್ಬಿ ಹಿಡ್ಕೊಂಡು ಬಂದ್ರೆ, ಲೈನ್‌ಮ್ಯಾನು ಮತ್ತೆ ಅವನ ಕಡೆ ನಾಲ್ಕು ಜನ ಕಂಬಕ್ಕೆ ಹಗ್ಗ ಕಟ್ತಾವ್ರೆ. ಏನಪ್ಪಾ ಅಂದ್ರೆ, ಕಂಬ ನಿಲ್ಲಿಸೋಕೆ ಈಗ ಆರ್ಡರ್ ಬಂದೈತಂತೆ. ನಾನು ದಾಟಿ ಹೋಗ್ಬಿಡಬಹುದಿತ್ತು. ಆದ್ರೆ ಸಾಯಂಕಾಲ ಎಂಗೆ ಬರ್ಲಿ, ನಾಳೆ ಎಂಗೆ ಹೋಗ್ಲಿ? ಕಂಬದ ಮಧ್ಯಕ್ಕೆ ಹೋದೋಳು ಅಲ್ಲೇ ಕೂತ್ಬಿಟ್ಟೆ. ನಮ್ಮ ಪಕ್ಕದ್ಮನೆ ನರಸಿಂಹಣ್ಣ ಇದ್ನಲ್ಲ, ಲೈಟು ಲೈಟು ಅಂತ ಅರ್ಜಿ ಬರ್ದು ಬರ್ದು ಸವೆದುಹೋಗಿದ್ದೋನು, ಅವನಿಗೆ ಸಿಟ್ಟು ಬಂತು. ಏಳು ಜಯಕ್ಕ, ಲೈಟ್ ಬರೋದು ತಪ್ಪಿಸ್ಬೇಡ ಅಂದ. ನಿನ್ನ ಹಾಲಿನ ಡೈರಿ ಯಾವ ಕಡೆ ಐತಪ್ಪಾ ಅಂದೆ. ಆ ಕಡೆ ಇತ್ತು.

ಲೈನ್‌ಮ್ಯಾನ್ ಫೋನ್ ಮಾಡ್ದ, ಅವ್ರ ಸಾಹೇಬ್ರು ಜೀಪಲ್ಲಿ ಬಂದ್ರು. ಫಳಫಳ ಅನ್ನೋ ಬೂಟು. ಆ ದಡದಲ್ಲೇ ನಿಂತ್ಕೊಂಡು, ಕಂಬ ನಮ್ಮದಮ್ಮ, ಮೋರಿ ನಮ್ಮ ಡಿಪಾರ್ಟ್‌ಮೆಂಟಿಗೆ ಬರಲ್ಲ, ಎದ್ದು ಈ ಕಡೆ ಬನ್ನಿ ಮಾತಾಡೋಣ ಅಂದ್ರು. ಗಂಟೆ ಒಂಬತ್ತಾಗ್ತಾ ಬಂದೈತೆ. ಆದ್ರೂ ಅಂದೆ, "ಮಂಡಿ ಹಿಡ್ಕೊಂಡದೆ ಸಾರ್, ನೀವೇ ಬನ್ನಿ." ಬಂದ್ರು ಕಣೇ. ಒಂದೆಜ್ಜೆ ಇಟ್ರು, ಎರಡಿಟ್ರು, ಮಧ್ಯಕ್ಕೆ ಬಂದು ಕೆಳಗಡೆ ಹರಿಯೋ ಕಪ್ಪು ನೀರು ನೋಡಿದ್ರು ನೋಡು, ಅಷ್ಟೇ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು.

"ಅಮ್ಮಾ, ಕೈ ಬಿಡ್ಬೇಡಿ."

"ನಾನ್ಯಾಕೆ ಬಿಡ್ಲಿ ಸಾರ್. ಮೋರಿ ಯಾರಿಗೆ ಬರುತ್ತೋ ಅವ್ರಿಗೆ ಒಂದು ಫೋನ್ ಮಾಡಿ."

ದಡದಲ್ಲಿ ಗೊತ್ತಿಲ್ಲದಿದ್ದ ನಂಬರು ಕಂಬದ ಮೇಲೆ ಸಿಕ್ತು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ನಾನು. ಚಪ್ಪಡಿ ಹಾಕೋವರೆಗೂ ಕಂಬ ಎತ್ತೋ ಹಂಗಿಲ್ಲ ಅಂತ ಲೈನ್‌ಮ್ಯಾನಿಗೂ ಅಲ್ಲಿಂದ್ಲೇ ಹೇಳಿದ್ರು. ಆಮೇಲೆ ನಾನೇ ಮಗು ಥರ ದಡ ಸೇರಿಸ್ದೆ. ಪಾಪ, ಒಳ್ಳೆ ಮನುಷ್ಯ, ಅವ್ರ ಜೀಪಲ್ಲೇ ಫ್ಯಾಕ್ಟರಿಗೆ ಬಿಟ್ರು. ಹತ್ತೂವರೆ ಆಗಿತ್ತು. ಸರ್ಕಾರಿ ಜೀಪ್ ನೋಡಿ ವಾಚ್‌ಮ್ಯಾನ್ ಗೇಟು ತೆಗೆದು ಸಲ್ಯೂಟ್ ಹೊಡ್ದ. ಸೂಪರ್‌ವೈಸರ್ ಅವತ್ತೊಂದಿನ ನನ್ನ ಮೇಡಂ ಅಂದ. ಮಾರನೇ ದಿನ ಮತ್ತೆ ಏಯ್ ಅಂದ, ಅದು ಬೇರೆ ವಿಷ್ಯ. ಕೆಲಸ ಉಳೀತಲ್ಲ. ನಾಲ್ಕನೇ ದಿನಕ್ಕೆ ಹೊಸ ಚಪ್ಪಡಿ ಬಂತು, ಆಮೇಲೆ ಕಂಬಾನೂ ಎದ್ದು ನಿಂತ್ವು.

ಅದಕ್ಕೇ ಹೇಳೋದು, ನೀವೆಲ್ಲ ರಸ್ತೆ ಗುಂಡೀದು ಫೋಟೋ ತೆಗ್ದು ಫೋನಲ್ಲಿ ಆಫೀಸಿಗೆ ಕಳಿಸ್ತಾ ಕೂತ್ರೆ ಸಾಲ್ದು ಕಣ್ರೋ. ಸರಿ ಮಾಡ್ಬೇಕಾದೋರನ್ನ ಕರ್ಕೊಂಡು ಬಂದು, ನೀವು ನಡೆಯೋ ಜಾಗದಲ್ಲಿ ಒಂದ್ಸಲ ನಡೆಸಿ. ಕೈ ಮಾತ್ರ ಹಿಡ್ಕೊಂಡಿರಿ, ಬೀಳಿಸ್ಬೇಡಿ. ಏಳಿ ಈಗ, ಸಾರು ಆರೋಗ್ತಿದೆ.