ಮಗಳ ಕಣ್ಣಿಗೆ ಬಾಮು ಹಚ್ಚಿದ ಸಾಹುಕಾರ

ಒಂದೂರು. ಊರಿಗೊಬ್ಬ ಸಾಹುಕಾರ. ಹೆಸರು ಬೇಡ, ಮುಂದಿನ ಸಾಲಿನಲ್ಲಿ ಕುಳಿತವರು ಯಾರಾದರೂ ಎದ್ದು ಹೋದಾರು! ಅವನಿಗೆ ಸಿಮೆಂಟಿನ ಅಂಗಡಿ, ಕಲ್ಯಾಣ ಮಂಟಪ, ಒಬ್ಬಳೇ ಮಗಳು. ಮಗಳು ಐದನೆಯ ತರಗತಿ. ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ ಇಟ್ಟರು, ಗೆದ್ದವರಿಗೆ ಒಂದು ಸ್ಟೀಲ್ ಲೋಟ. ಪದ್ಯ ನೀವೇ ಆರಿಸಿಕೊಳ್ಳಿ ಎಂದರು. ನೋಡಿ, ಅಲ್ಲೇ ಕೆಟ್ಟಿತು.

ಹುಡುಗಿ ಆಗಲೇ ಆರಿಸಿಕೊಂಡು ಬಂದಿದ್ದಳು. ಕೆರೆಗಿಳಿದ ಎಮ್ಮೆಯೊಂದು ಯಾರು ಕರೆದರೂ ಮೇಲೆ ಬಾರದ ಪದ್ಯ, ಎಂಟೇ ಸಾಲು. ಅದನ್ನು ಹೇಳುವಾಗ ನಗು ತಡೆಯಲಾರದೆ ಅರ್ಧಕ್ಕೇ ನಿಲ್ಲುತ್ತಿದ್ದಳು. ಕೇಳುವ ಅಜ್ಜಿಯೂ ನಗುತ್ತಿದ್ದಳು.

"ಅಪ್ಪಾಜಿ, ನಾ ಎಮ್ಮೀ ಪದ್ಯ ಹೇಳ್ತೀನಿ."

"ಎಮ್ಮೀದಾ? ಸಾಹುಕಾರನ ಮಗಳು ಸ್ಟೇಜ್ ಮ್ಯಾಲೆ ನಿಂತು ಎಮ್ಮೀ ಸುದ್ದಿ ಹೇಳೂದಾ? ಮಂದಿ ಏನಂದಾರು!"

ಮಂದಿ ಏನಂದಾರು! ಈ ಮಂತ್ರವನ್ನು ನಾವು ಜಪಿಸಿದಷ್ಟು ಶಿವನಾಮವನ್ನೂ ಜಪಿಸಿಲ್ಲ.

ಸಾಹುಕಾರ ಮಾಸ್ತರರ ಮುಂದೆ ಹೋಗಿ ಕುಳಿತ, ಮದುವೆಗೆ ಸೀರೆ ಆರಿಸುವವರ ಹಾಗೆ. "ಇದು ಬ್ಯಾಡ್ರಿ, ಇನ್ನೂ ಭಾರಿದು ತೆಗೀರಿ. ಇದಕ್ಕಿಂತ ಉದ್ದಂದು ಐತೇನ್ರಿ?" ಕೊನೆಗೆ ತಾಯಿಯ ತ್ಯಾಗದ ಮೇಲಿನ ಒಂದು ಪದ್ಯ ನಿಶ್ಚಯವಾಯಿತು. ಅದರಲ್ಲಿನ ಅರ್ಧ ಶಬ್ದ ಮಾಸ್ತರರಿಗೂ ತಿಳಿಯದು. ಅಂದಮೇಲೆ ಒಳ್ಳೆಯದೇ ಇರಬೇಕು, ಅಲ್ಲವೆ? ತಿಳಿಯದ್ದಕ್ಕೆ ಕೈಮುಗಿಯುವುದು ನಮ್ಮ ಹಳೆಯ ಚಟ.

ಇನ್ನು ತಾಲೀಮು. 'ಸೂರ್ಯ' ಎಂದರೆ ಬೆರಳು ಮೇಲೆ. 'ತಾಯಿ' ಎಂದರೆ ಕೈ ಎದೆಗೆ. 'ತ್ಯಾಗ' ಎಂದರೆ ಎರಡೂ ಕೈ ಚಾಚಬೇಕು, ಬಸ್ಸಿನಲ್ಲಿ ಸೀಟು ಹಿಡಿಯುವವರ ಹಾಗೆ. ಕಡೆಯ ಸಾಲಿಗೆ ಕಣ್ಣೀರು. ಎಷ್ಟು ತಿಣುಕಿದರೂ ಕಣ್ಣೀರು ಬರಲೊಲ್ಲದು. ತಾಯಿ ಅಲ್ಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಹುಡುಗಿ ಯಾಕೆ ಅತ್ತಾಳು?

ಸಾಹುಕಾರನ ಬುದ್ಧಿ ಓಡಿತು. ಸ್ಪರ್ಧೆಯ ದಿನ ವೇದಿಕೆ ಹತ್ತುವ ಮೊದಲು ಮಗಳ ಕಣ್ಣ ಕೆಳಗೆ ತಲೆನೋವಿನ ಬಾಮು ಸವರಿದ, ಕಡೆಯ ಸಾಲಿನ ಹೊತ್ತಿಗೆ ನೀರು ಬರಲಿ ಎಂದು. ಬಾಮಿಗೇನು ಪದ್ಯ ಗೊತ್ತೆ? ಮೊದಲ ಸಾಲಿಗೇ ಧಾರಾಕಾರ! ಉರಿ ತಾಳದೆ ಹುಡುಗಿ ಕಣ್ಣುಜ್ಜಿಕೊಂಡಳು. ಬಾಮು ಕಣ್ಣೊಳಗೇ ಹೋಯಿತು. ಸೂರ್ಯ ಎಂದು ಎದೆ ಮುಟ್ಟಿದಳು, ತಾಯಿ ಎಂದು ಆಕಾಶ ತೋರಿಸಿದಳು. ಸಭೆಯಲ್ಲಿ ಕುಳಿತಿದ್ದ ತಾಯಿ ಗಾಬರಿಯಾದಳು. ಆಮೇಲೆ ಹುಡುಗಿಯ ಬಾಯಿ ನಿಂತೇಹೋಯಿತು. ಎದುರಿಗೆ ಸಾಹುಕಾರ ಎದ್ದು ನಿಂತು ಕೈ ಬೀಸಿ ಬೀಸಿ ನೆನಪಿಸುತ್ತಿದ್ದಾನೆ. ಕಣ್ಣು ಬಿಟ್ಟರಲ್ಲವೆ ಕಾಣುವುದು?

ತೀರ್ಪುಗಾರ್ತಿ ಮೆಲ್ಲಗೆ ಕೇಳಿದರು. "ಯಾಕವ್ವಾ, ಮುಂದಿಂದು ಮರ್ತಿಯೇನು?"

"ಅಪ್ಪಾಜಿಗೆ ಬರ್ತೈತ್ರಿ. ಅವರನ್ನ ಕೇಳ್ರಿ."

ಸಭೆ ಬಿದ್ದು ಬಿದ್ದು ನಕ್ಕಿತು. ನೀವೂ ನಕ್ಕಿರಿ. ನಗಿರಿ, ನಗಿರಿ. ಕಥೆ ಇನ್ನೂ ಮುಗಿದಿಲ್ಲ.

ಮರುದಿನ ಅಜ್ಜಿ ಮೊಮ್ಮಗಳನ್ನು ಹತ್ತಿರ ಕರೆದಳು. "ಹಾಳಾಗಿ ಹೋಗ್ಲಿ ಬಿಡು ಆ ಪದ್ಯ. ನಮ್ಮ ಎಮ್ಮೀದು ಹೇಳ ನೋಡೂಣು."

ಹುಡುಗಿ ಎದ್ದು ನಿಂತಳು. ಬಾಯಿ ತೆರೆದಳು. ಕೈ ಎತ್ತಿದಳು, ಇಳಿಸಿದಳು.

"ಬ್ಯಾಡ ಆಯಿ. ಎಮ್ಮಿಗೆ ಕೈ ಹೆಂಗ ಮಾಡಬೇಕೋ ಗೊತ್ತಿಲ್ಲ ನನಗ."

ಕೇಳಿದಿರಾ? ಬಹುಮಾನ ಹೋಯಿತು, ಹೋಗಲಿ. ಸ್ಟೀಲ್ ಲೋಟ ಪೇಟೆಯಲ್ಲಿ ಸಿಗುತ್ತದೆ. ಆ ಮಗುವಿನ ನಗು ಯಾವ ಪೇಟೆಯಲ್ಲಿ ಸಿಗುತ್ತದೆ? ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ನೀವು ಸಾಹುಕಾರನನ್ನು ಬೈಯುತ್ತ ಕೂತಿದ್ದೀರಿ. ಬೆಳಿಗ್ಗೆ ದೇವರ ಜಗುಲಿಯ ಮುಂದೆ ನೀವು ಮಾಡುವುದೇನು? ಪಕ್ಕದ ಮನೆಯವರದಕ್ಕಿಂತ ಉದ್ದದ ಸ್ತೋತ್ರ. ಈ ಸಾಲಿಗೆ ಕೆನ್ನೆ ಬಡಿದುಕೊಳ್ಳಬೇಕು, ಆ ಸಾಲಿಗೆ ಗಂಟೆ. ಕಿವಿ ಮಾತ್ರ ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ. ದೇವರು ಒಂದು ದಿನ, ಏನಪ್ಪಾ ಇದರ ಅರ್ಥ ಎಂದು ಕೇಳಿದರೆ ಯಾರನ್ನು ತೋರಿಸುತ್ತೀರಿ? ನನ್ನನ್ನು ತೋರಿಸಬೇಡಿ, ನನಗೆ ಬೇರೆ ಕೆಲಸವಿದೆ.

ನಾಳೆಯಿಂದ ಒಂದೇ ಸಾಲು ಹೇಳಿ. ತಿಳಿದದ್ದನ್ನು ಹೇಳಿ. ಕೈ ಸುಮ್ಮನಿರಲಿ. ಇನ್ನೊಂದು ಕೆಲಸ ಇವತ್ತೇ ಇದೆ. ಪ್ರಸಾದ ಉಂಡು ಮನೆಗೆ ಹೋಗಿ, ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನಗೆ ಯಾವ ಪದ್ಯ ಇಷ್ಟ ಎಂದು ಕೇಳಿ. ಅದು ಕತ್ತೆಯ ಪದ್ಯವಿರಲಿ, ಕೋತಿಯ ಪದ್ಯವಿರಲಿ, ಪೂರ್ತಿ ಕೇಳಿ. ತಪ್ಪಿದರೆ ತಿದ್ದಬೇಡಿ, ನೆಟ್ಟಗೆ ನಿಲ್ಲು ಎನ್ನಬೇಡಿ, ಮೊಬೈಲು ತೆಗೆದು ವಿಡಿಯೋ ಮಾಡಬೇಡಿ. ಮಗು ನಕ್ಕಲ್ಲಿ ನೀವೂ ನಗಿರಿ.